11.2 ಅಂದ್ರೆ 112

ಪಂಚಮಿಗೆ ನಾಲ್ಕೇ ದಿನ ಇತ್ತು. ಹೊಲಿಯೋ ಜಂಪರ್ ಇನ್ನೂ 14 ಬಾಕಿ. ಅವ್ವ ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಮಷೀನಿನ ಮೇಲೆ ತಲೆ ಇಟ್ಟು ಕೂತಿದ್ದೆ. ಜ್ವರ 102. ಬೆರಳಿನ ಗೆಣ್ಣು, ಮೊಣಕಾಲು ಎಲ್ಲ ನೋವು. ಬಲಗಡೆ ಬೆನ್ನೂ ಹಿಡಿದಿತ್ತು. ಅದು ಮಷೀನ್ ತುಳಿದ ನೋವು ಅಂದುಕೊಂಡೆ.

ಲೂಪಸ್ ಬಂದು 9 ವರ್ಷ ಆಯಿತು. ಮೈಯ ರಕ್ಷಣಾ ಶಕ್ತಿಯೇ ಮೈ ಮೇಲೆ ತಿರುಗಿ ಬೀಳೋ ಕಾಯಿಲೆ ಇದು. ನನ್ನ ಮೈ ನನಗೆ ಗೊತ್ತು ಅನ್ನೋ ಸೊಕ್ಕು ಬಂದುಬಿಟ್ಟಿದೆ. ಬೆಳಿಗ್ಗೆ ಗದಗದ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದೆ. ಸಂಜೆ ರಿಪೋರ್ಟ್ ಬಂತು. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸೋ ಎರಡು ಅಂಕಿ: ಇಎಸ್ಆರ್ 78, ಸಿಆರ್‌ಪಿ 11.2. ಎರಡು ವರ್ಷದ ಹಿಂದೆ ಲೂಪಸ್ ಕೆರಳಿದಾಗ ಹುಬ್ಬಳ್ಳಿಯಲ್ಲಿ ಮಾಡಿಸಿದ್ದ ರಿಪೋರ್ಟ್ ಫೈಲಿನಿಂದ ತೆಗೆದೆ. ಇಎಸ್ಆರ್ 84, ಸಿಆರ್‌ಪಿ 9. ಹೆಚ್ಚುಕಮ್ಮಿ ಒಂದೇ, ಅಲ್ವಾ? ಹಾಗಾದ್ರೆ ಇದೂ ಲೂಪಸ್ಸೇ. 5 ಮಿಲಿಗ್ರಾಂ ಸ್ಟೀರಾಯ್ಡ್ ಗುಳಿಗೆಯನ್ನು 20ಕ್ಕೆ ಏರಿಸೋಣ ಅಂತ ಡಬ್ಬಿ ತೆಗೆದೇಬಿಟ್ಟೆ.

“ಡಾಕ್ಟರ್‌ನ್ನ ಕೇಳದ ಮುಟ್ಟಬ್ಯಾಡ” ಅಂತ ಅವ್ವ ಉಂಡಿ ಕೈಯಲ್ಲೇ ಡಬ್ಬಿ ಕಸಿದುಕೊಂಡಳು. ಮುಚ್ಚಳಕ್ಕೆಲ್ಲ ಬೆಲ್ಲ.

ಮರುದಿನ ಹುಬ್ಬಳ್ಳಿ. ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ಅಂಕಿ ಪಕ್ಕದ ಸಣ್ಣ ಅಕ್ಷರ ತೋರಿಸಿದರು. ಹಳೇದು ಲೀಟರಿಗೆ ಮಿಲಿಗ್ರಾಂ ಲೆಕ್ಕ. ಹೊಸದು ಡೆಸಿಲೀಟರಿಗೆ. ಹತ್ತರಿಂದ ಗುಣಿಸಬೇಕು. “ಇದು 11 ಅಲ್ರೀ, 112 ಐತಿ.” ಎಷ್ಟು ಜಂಪರ್ ಅಳತೆ ತೆಗೆದ ಕೈ ಇದು! ಇಂಚಿಗೂ ಸೆಂಟಿಮೀಟರಿಗೂ ಎಂದೂ ತಪ್ಪಿದ್ದಿಲ್ಲ.

ಇಎಸ್ಆರ್ ಲೂಪಸ್ಸಿನಲ್ಲೂ ಸೋಂಕಿನಲ್ಲೂ ಏರುತ್ತೆ, ಅದನ್ನು ನಂಬಿ ಕೂರಬೇಡಿ ಅಂದರು. ಸಿಆರ್‌ಪಿ ಹಾಗಲ್ಲ. ಲೂಪಸ್ ಕೆರಳಿದಾಗ ಮೈಯಲ್ಲಿ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತೆ. ಲಿವರ್ ಸಿಆರ್‌ಪಿ ತಯಾರಿಸೋದನ್ನು ಅದು ಅದುಮಿ ಹಿಡಿಯುತ್ತೆ. ಅದಕ್ಕೇ ಮೈಯೆಲ್ಲ ನೋವಿದ್ದರೂ ಅಂಕಿ ಹೆಚ್ಚು ಏರೋದಿಲ್ಲ. ಎದೆಯಲ್ಲಿ ನೀರು ತುಂಬಿದಾಗ, ಕೀಲು ಜೋರಾಗಿ ಬಾತಾಗ ಮಾತ್ರ ಲೂಪಸ್ಸಿನಲ್ಲೂ ಏರಬಹುದಂತೆ. ನನಗೆ ಎರಡೂ ಇರಲಿಲ್ಲ. ಅಂಥಾದ್ರಲ್ಲಿ 112 ಅಂದ್ರೆ ಮೊದಲು ಸೋಂಕು ಹುಡುಕಬೇಕು.

ಬಿಳಿ ರಕ್ತಕಣ 13,800. ಹಿಂದಿನ ಸಲ ಲೂಪಸ್ ಕೆರಳಿದಾಗ 2,900ಕ್ಕೆ ಇಳಿದಿತ್ತು. ಸ್ಟೀರಾಯ್ಡ್ ತಿನ್ನುವವರಲ್ಲಿ ಸೋಂಕಿಲ್ಲದೆಯೂ ಇದು ಏರುತ್ತೆ, ಹಾಗಾಗಿ ಇದೊಂದೇ ಸಾಲದು. ಪ್ರೊಕ್ಯಾಲ್ಸಿಟೋನಿನ್ ಅನ್ನೋ ರಕ್ತಪರೀಕ್ಷೆ ಮಾಡಿಸಿದರು. ರೇಟು ಕೇಳಿ ಬೆವರು ಬಂತು, ಜ್ವರ ಇಳಿಯಿತೋ ಏನೋ! 2.1 ಬಂತು. 0.5 ದಾಟಿದರೆ ಬ್ಯಾಕ್ಟೀರಿಯಾ ಮೇಲೆ ಅನುಮಾನ ಗಟ್ಟಿ. ಬರೀ ಲೂಪಸ್ ಆದ್ರೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತೆ. ಆದರೂ ಕಿಡ್ನಿ ಕೆಟ್ಟವರಲ್ಲಿ ಸುಮ್ನೆ ಏರಬಹುದು, ಒಂದೇ ಕಡೆ ಇರೋ ಸಣ್ಣ ಸೋಂಕಿನಲ್ಲಿ ಏರದೆಯೂ ಇರಬಹುದು.

ಮೂತ್ರದ ರಿಪೋರ್ಟ್ ತುಂಬ ಕೀವಿನ ಕಣ. ಬೆನ್ನು ಹಿಡಿದದ್ದು ಮಷೀನಿನಿಂದ ಅಲ್ಲ, ಕಿಡ್ನಿಗೆ ಸೋಂಕು ಏರಿತ್ತು. ಅದರ ಮೇಲೆ, ಸೋಂಕಿನ ಜೊತೆ ಹೋರಾಡೋ ಶಕ್ತಿ ಕುಗ್ಗಿಸೋ ಸ್ಟೀರಾಯ್ಡ್ ಏರಿಸಿದ್ರೆ? ಡಾಕ್ಟರು ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದರು.

ಅವತ್ತೇ ಅಡ್ಮಿಟ್ ಮಾಡಿ ಆ್ಯಂಟಿಬಯೋಟಿಕ್ ಶುರು ಮಾಡಿದರು. ಮೂರನೇ ದಿನ ಜ್ವರ ಬಿಟ್ಟಿತು. ಹೊರಗೆ ಕಳಿಸಿದ್ದ ಸಿ3, ಸಿ4 ಅನ್ನೋ ರಕ್ಷಣಾ ಪ್ರೋಟೀನುಗಳ ರಿಪೋರ್ಟ್ ಅದಾದ ಮೇಲೆ ಬಂತು. ಸಿ3 104, ನಾರ್ಮಲ್. ಲೂಪಸ್ ಕೆರಳಿದರೆ ಈ ಎರಡೂ ಖರ್ಚಾಗಿ ಇಳಿಯೋದುಂಟು. ಹಿಂದಿನ ಸಲ ನನ್ನ ಸಿ3 52 ಇತ್ತು. ಲೂಪಸ್ ಕೆರಳಿದಾಗ ಏರೋ ಡಿಎನ್ಎ ಆ್ಯಂಟಿಬಾಡಿಯೂ ಈ ಸಲ ಏರಿರಲಿಲ್ಲ.

ಈಗ ಫೈಲಿನ ಪ್ರತಿ ರಿಪೋರ್ಟಿನಲ್ಲೂ ಲೀಟರೋ ಡೆಸಿಲೀಟರೋ ಅನ್ನೋದಕ್ಕೆ ಕೆಂಪು ಸ್ಕೆಚ್ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದೇನೆ. 14 ಜಂಪರ್‌ಗಳಲ್ಲಿ ಪಂಚಮಿಗೆ ಕೊಡಲು ಆದದ್ದು ಮೂರು. ಉಳಿದವರು ಬೈದುಕೊಂಡೇ ಚೌತಿಗೆ ತೊಟ್ಟರು.