ಅಬೆಯೊಕುಟಾದಿಂದ ಬಂದ ಲೆಕ್ಕದ ಮೇಷ್ಟ್ರು

ನಮ್ಮ ಲೆಕ್ಕಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗಿನಿಂದ ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯಬೇಕೆಂಬ ಹಂಬಲ ನನ್ನನ್ನು ಬಿಟ್ಟಿಲ್ಲ. ಬಿ.ಕಾಂ. ಪಠ್ಯದ ಬಹುಪಾಲು ಮರೆತುಹೋಗಿದೆ. ಆದರೆ ಎಂಬತ್ತರ ದಶಕದಲ್ಲಿ ನೈಜೀರಿಯಾದ ಅಬೆಯೊಕುಟಾದಲ್ಲಿ ಪಾಠ ಹೇಳಿ ಊರಿಗೆ ಮರಳಿದ್ದ ಅವರು, ಅದೇ ಪಟ್ಟಣದ ಉದ್ಯಮಿ ಮಶೂದ್ ಅಬಿಯೋಲ ಅವರ ಬದುಕನ್ನೇ ಉದಾಹರಣೆಯಾಗಿಟ್ಟುಕೊಂಡು ಕಲಿಸಿದ್ದು ಇಂದಿಗೂ ಅಚ್ಚಳಿಯದೆ ಉಳಿದಿದೆ.

ಕಡುಬಡತನದಲ್ಲಿ 1937ರಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೇ ಸೌದೆ ಮಾರಲು ನಿಂತ ಆ ಹುಡುಗ, ಬ್ಯಾಪ್ಟಿಸ್ಟ್ ಬಾಯ್ಸ್ ಹೈಸ್ಕೂಲಿನಲ್ಲಿ ಶಾಲಾ ಪತ್ರಿಕೆಯ ಸಂಪಾದಕನಾಗಿದ್ದ. ಮುಂದೆ ದೇಶವನ್ನಾಳಿದ ಒಬಸಾಂಜೊ ಅಲ್ಲಿ ಅವನಿಗೆ ಉಪಸಂಪಾದಕ. 1956ರಲ್ಲಿ ಇಬಾದಾನಿನ ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಗುಮಾಸ್ತಿಕೆ, ಬಳಿಕ ಪಶ್ಚಿಮ ಪ್ರಾಂತ್ಯದ ಹಣಕಾಸು ನಿಗಮದಲ್ಲಿ ಲೆಕ್ಕಾಧಿಕಾರಿಯ ಕೆಲಸ, ಗ್ಲಾಸ್ಗೋದಲ್ಲಿ ಲೆಕ್ಕಶಾಸ್ತ್ರದ ವ್ಯಾಸಂಗ, ಆಮೇಲೆ ಅಮೆರಿಕದ ದೂರಸಂಪರ್ಕ ಕಂಪನಿ ಐಟಿಟಿಯಲ್ಲಿ ಉನ್ನತ ಹುದ್ದೆ, 1980ರಲ್ಲಿ ಕಾನ್ಕಾರ್ಡ್ ಪತ್ರಿಕೆ. ಇಷ್ಟನ್ನೂ ಮೇಷ್ಟ್ರು ಬೇಗನೆ ಹೇಳಿ ಮುಗಿಸುತ್ತಿದ್ದರು. ಅಬಿಯೋಲ ಅವರ ಒಡೆತನದ ಅಬಿಯೋಲ ಬೇಬ್ಸ್ ಫುಟ್‌ಬಾಲ್ ತಂಡದ ಮಾತು ಬಂದರೆ ಮಾತ್ರ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಳ್ಳುತ್ತಿದ್ದರು.

ನಮಗೆ ಅಷ್ಟು ಸಾಕಾಗಿತ್ತು. ಒಮ್ಮೆ ಕಿರುಪರೀಕ್ಷೆಯ ದಿನ ಹಿಂದಿನ ಬೆಂಚಿನವರೆಲ್ಲ ಸೇರಿ, ಅವರು ಬರುವ ಮೊದಲೇ ಕರಿಹಲಗೆಯ ಮೇಲೆ 'ಅಬಿಯೋಲ ಬೇಬ್ಸ್ ಖಾತೆ' ಎಂದು ಬರೆದು, ಖರ್ಚು ತೋರಿಸುವ ಡೆಬಿಟ್ ಬದಿಯಲ್ಲಿ ಸಂಬಳ, ಬೂಟು, ಬಸ್ಸಿನ ಬಾಡಿಗೆಯನ್ನೆಲ್ಲ ತುಂಬಿ, ಗಳಿಕೆ ತೋರಿಸುವ ಕ್ರೆಡಿಟ್ ಬದಿಯನ್ನು ಖಾಲಿ ಬಿಟ್ಟೆವು. ಮೇಷ್ಟ್ರು ಹಲಗೆಯನ್ನು ಬಹಳ ಹೊತ್ತು ನೋಡಿ, ಖಾಲಿ ಬದಿಯಲ್ಲಿ '1985, 1987 ಚಾಲೆಂಜ್ ಕಪ್' ಎಂದೂ ಅದರ ಕೆಳಗೆ 'ರಶೀದಿ ಯೆಕಿನಿ' ಎಂದೂ ಬರೆದರು. ಮೊದಲನೆಯದು ಆ ತಂಡ ಎರಡು ಸಲ ಗೆದ್ದ ನೈಜೀರಿಯಾದ ರಾಷ್ಟ್ರೀಯ ಫುಟ್‌ಬಾಲ್ ಕಪ್, ಎರಡನೆಯದು ಆ ತಂಡದಲ್ಲಿ ಆಡಿದ ಆಟಗಾರನ ಹೆಸರು. ಪರೀಕ್ಷೆ ಅಲ್ಲಿಗೇ ನಿಂತಿತು. ಸಂಸ್ಥೆ ತಾನೇ ಗಳಿಸಿಕೊಂಡ ಒಳ್ಳೆಯ ಹೆಸರಿನ ಬೆಲೆಯನ್ನು, ಅಂದರೆ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಏಕೆ ತೋರಿಸುವುದಿಲ್ಲ, ಬೆಲೆ ಕೊಟ್ಟು ಕೊಂಡದ್ದನ್ನು ಏಕೆ ತೋರಿಸುತ್ತಾರೆ ಎಂಬುದನ್ನು ಆ ಗಂಟೆಯಲ್ಲಿ ಅವರು ವಿವರಿಸಿದಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕೇಳಿಲ್ಲ. ಮುಂದೆ ಬ್ಯಾಂಕಿನ ಸಾಲ ವಿಭಾಗದಲ್ಲಿ ಮೇಲಧಿಕಾರಿಗಳು ನನ್ನ ಪರಿಶೀಲನಾ ಟಿಪ್ಪಣಿಗಳನ್ನು ಹೊಸಬರಿಗೆ ಮಾದರಿಯಾಗಿ ಕೊಡುತ್ತಿದ್ದುದಕ್ಕೆ ಈ ಪಾಠವೇ ಬುನಾದಿ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಈಗಿನ ತರಗತಿಗಳಲ್ಲಿ ಸಾಫ್ಟ್‌ವೇರ್ ತಾನೇ ಖಾತೆಯನ್ನು ಸರಿದೂಗಿಸುವುದರಿಂದ, ಖಾಲಿ ಬದಿಯನ್ನು ನೋಡಿ ಯೋಚಿಸುವ ಅವಕಾಶವೇ ಮಕ್ಕಳಿಗೆ ಸಿಗುತ್ತಿಲ್ಲವಲ್ಲ ಎಂಬ ಕೊರಗು ನನಗಿದೆ.

1993ರ ಜೂನ್ 12ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಬಿಯೋಲ ಮುಂದಿದ್ದರೂ ಸೇನಾ ಸರ್ಕಾರ ಅದನ್ನು ರದ್ದುಪಡಿಸಿತು. ಮರುವರ್ಷ ಜೂನ್ 21ರಂದು ಡಲ್ಲಾಸ್‌ನಲ್ಲಿ ಯೆಕಿನಿ ಬಲ್ಗೇರಿಯಾದ ವಿರುದ್ಧ ನೈಜೀರಿಯಾದ ಮೊದಲ ವಿಶ್ವಕಪ್ ಗೋಲು ಹೊಡೆದು, ಬಲೆಯನ್ನು ಹಿಡಿದುಕೊಂಡು ಅತ್ತಾಗ, ಮೇಷ್ಟ್ರ ಮನೆಯ ಟಿ.ವಿ. ಮುಂದೆ ಕುಳಿತಿದ್ದ ನಾವು ಕೂಗಿದ ಕೂಗಿಗೆ ಬೀದಿಯವರು ಎದ್ದು ಬಂದಿದ್ದರು. ಆದರೆ 23ರಂದು ಅಬಿಯೋಲ ಅವರ ಬಂಧನವಾಯಿತು. 1998ರ ಜುಲೈ 7ರಂದು ಅವರು ಸೆರೆಯಲ್ಲೇ ತೀರಿಕೊಂಡ ಸುದ್ದಿ ಓದಿ ಮೇಷ್ಟ್ರು ಮನೆಯವರನ್ನು ಕಳೆದುಕೊಂಡಂತೆ ಕುಸಿದರು.

2019ರಲ್ಲಿ ಅಬುಜಾದ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಅಬಿಯೋಲ ಅವರ ಹೆಸರಿಟ್ಟಾಗ ನಾನು ಫೋನ್ ಮಾಡಿದೆ. ಸುದ್ದಿ ಅವರಿಗೆ ಆಗಲೇ ತಿಳಿದಿತ್ತು. "ಬದುಕಿದ್ದಾಗಲೇ ಕೊಡಬೇಕಿತ್ತು ಕಣಯ್ಯ" ಎಂದು ಬೇಸರದಿಂದ ಹೇಳಿ, ಯೆಕಿನಿಯ ಎಡಬಲ ಕಾಲುಗಳ ಹೊಡೆತದ ಬಗ್ಗೆ ಮಾತು ತೆಗೆದರು.