ಬಾದಾಮಿ ಮೂರನೇ ಗುಹಾದಾಗ ಕುತ್ತಿಗಿ ನೋಯೂತನಕ

ಹೋದ ರವಿವಾರ ನಾನು ನಮ್ಮ ಕಾಕಾ ಇಬ್ರು ಬಾಗಲಕೋಟಿಂದ ಮುಂಜಾನಿ ಬಸ್ ಹಿಡದು ಬಾದಾಮಿಗೆ ಹೋಗಿದ್ವಿ, ಕಾಕಾ ಅಂದ್ರ ಮೂವತ್ತು ವರ್ಷ ಅಂಗಡಿ ಬೋರ್ಡ್, ಲಾರಿ ನಂಬರ್ ಬರದ ಪೇಂಟರ್, ಫ್ಲೆಕ್ಸ್ ಬಂದ್ಮ್ಯಾಲ ಬ್ರಷ್ ಕೆಳಗ ಇಟ್ಟಾರ. ಒಂದನೇ ಗುಹಾದಾಗ ಹದಿನೆಂಟು ಕೈ ನಟರಾಜನ ಮುಂದ ಸೆಲ್ಫಿ ಗದ್ಲ, ಅದರಾಗ ಒಂದು ಮಂಗ್ಯಾ ನಮ್ಮ ಶೇಂಗಾ ಪೊಟ್ಟಣ ಕಸಗೊಂಡು ಹೋತು.

ನಮಗ ಬೇಕಾಗಿದ್ದು ಮೂರನೇ ಗುಹಾದಾಗಿನ ಹಳೇ ಬಣ್ಣದ ಚಿತ್ರ. ಶೇಷನ ಮ್ಯಾಲ ಕೂತ ವಿಷ್ಣು, ಕಾಲೆತ್ತಿದ ತ್ರಿವಿಕ್ರಮ ನೋಡಿ ಎಲ್ಲಾರೂ ಹೊಳ್ಳಿ ಹೋಗ್ತಾರ, ಚಿತ್ರ ಇರೂದು ಮುಂದ ಚಾಚಿದ ಕಲ್ಲಿನ ಸೂರು, ಅಂದ್ರ ಛಜ್ಜಾದ ಒಳಮೈಯಾಗ. ಮೊದಲ ಬರೇ ಕೆಂಪು ಹಳದಿ ಕಲೆ ಕಂಡಂಗಾತು, ಮೊಬೈಲ್ನ್ಯಾಗಿದ್ದ ಈ ಚಿತ್ರದ ಹಳೇ ನಕಲು ಮಗ್ಗಲಕ ಹಿಡದು ನೋಡಿದ್ರ ಒಂದೊಂದ ಬಿಚ್ಚಕೊಂತು: ನಡುವ ಒಬ್ಬಾವ ಕಾಲುಮಣಿ ಮ್ಯಾಲ ಕಾಲಿಟ್ಟು ಕುಂತಾನ, ಮುಂದ ಇಬ್ರು ಕುಣಿಯಾಕತ್ತ್ಯಾರ, ವಾದ್ಯ ಬಾರಸೂ ಹೆಣ್ಮಕ್ಕಳು, ಮ್ಯಾಲಿಂದ ಇಣುಕಿ ನೋಡೂ ಮಂದಿ.

"ಗ್ವಾಡಿ ಸಪಾಟ್ ಇದ್ರ ಸಸಾರ ತಮ್ಮಾ, ಇದು ಬಾಗೇತಿ," ಅಂದ್ರು ಕಾಕಾ. "ಕೆಳಗ ನಿಂತಾವಗ ಮಾರಿ ಸೊಟ್ಟ ಕಾಣಬಾರ್ದಂತ ಎಷ್ಟ್ ಸಲ ಇಳದು ಹತ್ತ್ಯಾನೋ ಪುಣ್ಯಾತ್ಮ."

ಕಲಾ ಇತಿಹಾಸಕಾರ ಶಿವರಾಮಮೂರ್ತಿಯವರು ಇದನ್ನ ಇಂದ್ರನ ವೈಜಯಂತ ಅರಮನಿ ನಾಟ್ಯ ಅಂತ ಓದ್ಯಾರ. ಹೇಳಿದೆ. ಕಾಕಾ ಒಪ್ಪಲಿಲ್ಲ, "ಇಂದ್ರ ಆದ್ರ ಆನಿ ಎಲ್ಲೈತೋ?" ಖರೇನ, ಇದ ಗುಹಾದ ಮಾಳಿಗಿ ಕೆತ್ತನಿಯಾಗ ಇಂದ್ರ ಆನಿ ಮ್ಯಾಲ ಕುಂತಾನ, ಚಿತ್ರದಾಗ ನಮಗಂತೂ ಆನಿ ಕಾಣಲಿಲ್ಲ. ಆದ್ರ ಅರಮನಿ ಒಳಗ ಕುಂತು ಕುಣಿತ ನೋಡಾವಗ ಆನಿ ಯಾಕ ಬೇಕು ಅನ್ನೂದು ನನ್ನ ವಾದ, ಅದರ ಮ್ಯಾಲ ಅರ್ಧಾ ತಾಸು ಜಗಳ.

ಬಾಜೂಕಿನ ಚಿತ್ರದಾಗ ರಾಜಾ ರಾಣಿ ಅದಾರ, ಅಂವಾ ಚಾಲುಕ್ಯ ಕೀರ್ತಿವರ್ಮ ಅಂತ ಶಿವರಾಮಮೂರ್ತಿಯವರ ಓದು. ಇದನ್ನೂ ನಾ ನಂಬತೀನಿ, ಯಾಕಂದ್ರ ಗುಹಾದಾಗಿನ ಶಾಸನ ಬಾಜೂಕ ಇಟ್ಟು ಓದಬೇಕು. ಶಕ 500ರ ಕಾರ್ತಿಕ ಹುಣ್ಣಿಮಿ, ಅಂದ್ರ ಕ್ರಿ.ಶ. 578, ಈ ಗುಹಾ ಗುಡಿ ಮಾಡಿಸಿದ ಮಂಗಲೇಶ ಇದರ ಪುಣ್ಯ ಅಣ್ಣ ಕೀರ್ತಿವರ್ಮಗ ಸಲ್ಲಲಿ ಅಂತ ಬರಸ್ಯಾನ. ಇಷ್ಟ್ ಪ್ರೀತಿ ಇದ್ದಾವ ಅಣ್ಣನ ಚಿತ್ರ ಇಂದ್ರನ ಬಾಜೂಕ ಬರಸೂದ್ರಾಗ ಏನ್ ಆಶ್ಚರ್ಯ.

"ಆಮ್ಯಾಲ?" ಅಂದ್ರು ಕಾಕಾ.

ಆಮ್ಯಾಲ ಅಣ್ಣ ಸತ್ತ, ಇಂವಾ ಪಟ್ಟಕ್ಕ ಬಂದ, ಅಣ್ಣನ ಮಗ ದೊಡ್ಡಾವ ಆದ್ರೂ ಗಾದಿ ತನ್ನ ಮಗಗ ಇರಲಿ ಅಂದ, ಆ ಅಣ್ಣನ ಮಗ ಅಂದ್ರ ಇಮ್ಮಡಿ ಪುಲಿಕೇಶಿ, ಕಾಳಗದಾಗ ಕಾಕಾನ್ನ ಮುಗಿಸಿದ.

ನಮ್ಮ ಕಾಕಾ ನನ್ನ ಮಾರಿ ಒಮ್ಮೆ ನೋಡಿ, "ನಡಿ, ಖಾನಾವಳಿ ಬಂದ್ ಆಗ್ತೈತಿ" ಅಂದ್ರು.