ಬೇಸಗೆಯಲ್ಲಿ ಕಾಸರಗೋಡಿಗೆ ಸೌಂಡ್ ಹೇರಿಕೊಂಡು ಹೊರಡುವ ಡಿಜೆಗಳಿಗೆ

ಮಾರ್ಚ್ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ಹುಡುಗರ ಫೋನ್ ಶುರು. "ಅಣ್ಣಾ, ಕಾಸರಗೋಡಲ್ಲಿ ಒಂದು ಮೆಹಂದಿ ಸಿಕ್ಕಿದೆ, ಹೋಗಬಹುದಾ?" ಧಾರಾಳವಾಗಿ ಹೋಗಿ. ಮಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ಬೇಸಗೆಯ ಸಂಪಾದನೆಯಲ್ಲಿ ದೊಡ್ಡ ಪಾಲು ಕೇರಳ ಗಡಿಯ ತಲಪಾಡಿಯ ಆಚೆಯದ್ದೇ. ರಾತ್ರಿ ಡಿಜೆ, ಹಗಲು ಅದೇ ಮನೆಯ ವೇದಿಕೆಯ ಪರದೆಗೆ ಬಣ್ಣ ಹಚ್ಚುವ ಕೆಲಸ. ಆದರೆ ಪಬ್‌ನಲ್ಲಿ ಹಾಡು ಹಾಕಿದ ಅಭ್ಯಾಸದಲ್ಲೇ ಇಲ್ಲಿಗೆ ಬಂದರೆ ಒದ್ದಾಡುತ್ತೀರಿ. ಏಪ್ರಿಲ್, ಮೇ ತಿಂಗಳ ರಾತ್ರಿಗಳನ್ನು ಯಕ್ಷಗಾನ, ಕೋಲ, ತೆಯ್ಯಂ, ಉರೂಸು, ದೇವಸ್ಥಾನದ ಜಾತ್ರೆ ಎಲ್ಲ ಸೇರಿ ಮೊದಲೇ ಹಂಚಿಕೊಂಡಿರುತ್ತವೆ. ಉಳಿದ ಸಂದಿಯಲ್ಲಿ ನಾವು ಜಾಗ ಮಾಡಿಕೊಳ್ಳಬೇಕು.

ಹಾಗಾಗಿ ಅಡ್ವಾನ್ಸ್ ಹಿಡಿಯುವ ಮೊದಲು ಮನೆಯವರಲ್ಲಿ ಕೇಳಿ: ಆ ದಿನ ಆಸುಪಾಸಿನಲ್ಲಿ ಎಂತೆಲ್ಲ ಉಂಟು? ಆಟ (ಯಕ್ಷಗಾನ) ಉಂಟಾ, ನೇಮ (ದೈವದ ಕೋಲ) ಉಂಟಾ, ಮಸೀದಿ ಎಷ್ಟು ದೂರ? ಎಷ್ಟು ಜನ ಬರುತ್ತಾರೆ, ಲೈಟಿಂಗ್ ಎಷ್ಟು ಬೇಕು ಎಂಬುದೆಲ್ಲ ಆಮೇಲೆ.

ಬದಿಯಡ್ಕದ ಹತ್ತಿರ ಒಂದು ಮನೆಯಲ್ಲಿ ಸ್ಪೀಕರ್ ಇಳಿಸುತ್ತಿದ್ದಾಗ ಪಕ್ಕದ ತೋಟದ ಅಜ್ಜ ಬೇಲಿಯ ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ತಮ್ಮಾ, ಆಚೆ ಗುಡ್ಡೆಯಲ್ಲಿ ಇವತ್ತು ಆಟ ಉಂಟು. ಈ ಡಬ್ಬಗಳ ಮೋರೆ ಇತ್ತ ತಿರುಗಿಸು" ಎಂದರು. ಅಲ್ಲಿಯ ನೆಲವೇ ಹಾಗೆ: ಒಂದು ಗುಡ್ಡ, ಕೆಳಗೆ ಅಡಿಕೆ ತೋಟ, ಎದುರಿಗೆ ಇನ್ನೊಂದು ಗುಡ್ಡ. ಈಚೆ ಬದಿಯಲ್ಲಿ ಬಿಟ್ಟ ಬಾಸ್ ಆಚೆ ಬದಿಯ ಜಗಲಿಗೆ ತಲುಪುತ್ತದೆ. ಸಂಜೆಯ ಮೇಲೆ ನೆಲ ತಣಿಯುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಆಗ ಸದ್ದು ಮೇಲಕ್ಕೆ ಹೋಗಿ ಕರಗದೆ ಬಾಗಿ ನೆಲದ ಕಡೆಗೇ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಮಾಡಿದ ಸೌಂಡ್ ಚೆಕ್ ರಾತ್ರಿ ಒಂಬತ್ತಕ್ಕೆ ಲೆಕ್ಕಕ್ಕಿಲ್ಲ. ಅವತ್ತು ಎರಡೂ ಟಾಪ್‌ಗಳನ್ನು (ಮೇಲಿನ ಸ್ಪೀಕರ್‌ಗಳನ್ನು) ಮನೆಯ ಗೋಡೆಯ ಕಡೆ ತಿರುಗಿಸಿದೆವು. ಅಂಗಳದ ಮೂಲೆಯಲ್ಲಿಟ್ಟಿದ್ದ ಸಬ್ಬನ್ನು (ಬಾಸ್ ಸ್ಪೀಕರನ್ನು) ಎಳೆದು ಚಪ್ಪರದ ನಡುವಿಗೆ ತಂದೆವು. ಮೂಲೆಗೆ ಒತ್ತಿ ಇಟ್ಟರೆ ಬಾಸ್ ಹೆಚ್ಚುವುದು ನಿಜ, ಆದರೆ ಆ ಹೆಚ್ಚಿನ ಪಾಲು ಕುಣಿಯುವವರಿಗಿಂತ ಊರಿಗೇ ಸಿಗುತ್ತದೆ. ಹಾಡಿನ ನಡುವೆ ಸದ್ದು ಇಳಿದಾಗೆಲ್ಲ ಆಚೆಯ ಚೆಂಡೆ ಕೇಳುತ್ತಿತ್ತು. ಹತ್ತಕ್ಕೆ ನಾನು ಫೇಡರ್ ಇಳಿಸಿ ಸದ್ದು ನಿಲ್ಲಿಸಿದ್ದೇ ತಡ, ಕುಣಿಯುತ್ತಿದ್ದ ಹುಡುಗರಲ್ಲಿ ಅರ್ಧ ಜನ ಮಹಿಷಾಸುರನ ಪ್ರವೇಶ ನೋಡಲು ಬೈಕ್ ಹತ್ತಿದರು. ಕರೆದವರಿಗೇ ಡಿಜೆಯೂ ಬೇಕು, ಆಟವೂ ಬೇಕು. ಅವರನ್ನು ಎರಡರಲ್ಲಿ ಒಂದನ್ನು ಆರಿಸುವ ಸಂಕಟಕ್ಕೆ ದೂಡಬೇಡಿ.

ಹತ್ತು ಗಂಟೆಯ ವಿಷಯದಲ್ಲಿ ಚೌಕಾಶಿ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರಕಾರ 12ರ ತನಕ ಸಡಿಲಿಸಬಹುದು. ಅದು ನಿಮ್ಮ ಮೆಹಂದಿಗೆ ಸಿಗುವ ರಿಯಾಯಿತಿ ಎಂದು ತಿಳಿಯಬೇಡಿ. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಖಾಸಗಿ ಜಾಗದ ಗಡಿಯಲ್ಲಿ ಅಳೆದಾಗ ಇದನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆ 55ರಲ್ಲಿ ಡಿಜೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ ನಾನು ನಗುತ್ತೇನೆ ಅಷ್ಟೆ. ಆದರೆ ದೂರು ಹೋಗಿ ಪೊಲೀಸರು ಬಂದರೆ ಅವರ ಕೈಯಲ್ಲಿರುವುದು ಈ ಅಂಕಿಗಳೇ. ಆದ್ದರಿಂದ ಕಾರ್ಯಕ್ರಮವನ್ನು ಸಂಜೆ ಆರೂವರೆಗೇ ಶುರು ಮಾಡಿಸಿ. ಊಟ ಮುಗಿಸಿ ಕುಣಿಯೋಣ ಎನ್ನುವ ಮನೆಯವರಿಗೆ ಇದನ್ನು ಬುಕಿಂಗ್ ದಿನವೇ ಹೇಳಿಬಿಡಿ. ಮಗ್ರಿಬ್ (ಮುಸ್ಸಂಜೆಯ ನಮಾಜಿನ) ಬಾಂಗ್ ಆಗುವಾಗ ಸದ್ದು ಪೂರ್ತಿ ಇಳಿಸಿ. ಹೇಳಿಸಿಕೊಂಡು ಇಳಿಸುವುದಕ್ಕಿಂತ ತಾನಾಗಿ ಇಳಿಸಿದರೆ ಊರಿನ ಮರ್ಯಾದೆ ಸಿಗುತ್ತದೆ.

ಮೈಕ್ ಪರ್ಮಿಷನ್ ಮನೆಯವರ ಹೆಸರಿನಲ್ಲೇ ಆಗಲಿ. ಸ್ಟೇಷನ್ನಿಗೆ ಹೋಗಿಯೂ ಕೊಡಬಹುದು, ಕೇರಳ ಪೊಲೀಸರ 'ತುಣ' ಪೋರ್ಟಲ್‌ನಲ್ಲೂ ಹಾಕಬಹುದು. ಮಲಯಾಳ ಬರುವುದಿಲ್ಲ ಎಂದು ಹೆದರಬೇಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಕನ್ನಡ ಭಾಷಾ ಅಲ್ಪಸಂಖ್ಯಾತ ಪ್ರದೇಶ. ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಯ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು. ಪರ್ಮಿಷನ್ನಿನ ಒಂದು ಪ್ರತಿಯನ್ನು ಡಿಜೆ ಟೇಬಲ್ಲಿಗೇ ಅಂಟಿಸಿಕೊಳ್ಳಿ.

ಹಾಡಿನ ಲೈಸೆನ್ಸ್ ಬಗ್ಗೆಯೂ ಕೇಳುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮಗಳಿಗೆ ವಿನಾಯಿತಿ ಇದೆ; 2023ರ ಜುಲೈಯಲ್ಲಿ ಕೇಂದ್ರ ಸರಕಾರ ಇದನ್ನು ಮತ್ತೆ ಸ್ಪಷ್ಟ ಮಾಡಿತು. ರೆಸಾರ್ಟಿನ ಟಿಕೆಟ್ ಪಾರ್ಟಿಗೆ ಈ ವಿನಾಯಿತಿ ಇಲ್ಲ, ಅದರ ಲೈಸೆನ್ಸ್ ಸಂಘಟಕರ ತಲೆನೋವು ಎಂದು ಕರಾರಿನಲ್ಲೇ ಬರೆಸಿ.

ದಾರಿ. ಮಂಗಳೂರಿನಿಂದ ಕಾಸರಗೋಡು ಪೇಟೆಗೆ ಸುಮಾರು 50 ಕಿಲೋಮೀಟರ್. ಕೇರಳದಲ್ಲಿ ಪೆಟ್ರೋಲು, ಡೀಸೆಲು ದುಬಾರಿ, ತಲಪಾಡಿಯ ಈಚೆಗೇ ಟ್ಯಾಂಕ್ ತುಂಬಿಸಿ. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಈಗ ಆರು ಪಥ, ಓಡುವುದು ಸುಖ. ಆದರೆ ಉಪ್ಪಳ, ಕುಂಬಳೆಯಂಥ ಕಡೆ ಇಳಿಯಬೇಕಾದವರು ಸರ್ವಿಸ್ ರಸ್ತೆಗೆ ಹೊರಳುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ತಪ್ಪಿದರೆ ಮದುವೆ ಮನೆ ಕಣ್ಣಿಗೆ ಕಾಣುತ್ತಿದ್ದರೂ ಅಂಡರ್‌ಪಾಸ್ ಹುಡುಕಿಕೊಂಡು ಮುಂದೆ ಹೋಗಿ ತಿರುಗಿ ಬರಬೇಕು. ಬೆಂಗಳೂರಿನಿಂದ ಬರುವವರಿಗೆ ಮಂಗಳೂರು ಸುತ್ತುವ ಅಗತ್ಯವಿಲ್ಲ. ಬದಿಯಡ್ಕ ಕಡೆಗಾದರೆ ಕಲ್ಲಡ್ಕದಲ್ಲಿ ತಿರುಗಿ ವಿಟ್ಲ, ಅಡ್ಯನಡ್ಕ, ಪೆರ್ಲ ದಾರಿ. ಮುಳ್ಳೇರಿಯ ಕಡೆಗಾದರೆ ಸುಳ್ಯದ ಹತ್ತಿರ ಜಾಲ್ಸೂರಿನಲ್ಲಿ ಎಡಕ್ಕೆ. ಹಳದಿ ಬೋರ್ಡಿನ ಗಾಡಿಯಾದರೆ ಕೇರಳದ ಪರ್ಮಿಟ್ ಮತ್ತು ತೆರಿಗೆ ಮೊದಲೇ ಕಟ್ಟಿಸಿ. ಸಾಮಾನಿನ ಬೆಲೆ 50,000 ರೂಪಾಯಿ ದಾಟುವುದು ಖಂಡಿತ, ಇ-ವೇ ಬಿಲ್ ಬೇಕೇ ಎಂದು ನಿಮ್ಮ ಆಡಿಟರಲ್ಲಿ ಕೇಳಿ. ಏನಿದ್ದರೂ ಸೀರಿಯಲ್ ನಂಬರ್ ಸಮೇತ ಸಾಮಾನಿನ ಪಟ್ಟಿ, ಖರೀದಿ ಬಿಲ್ಲಿನ ಪ್ರತಿ ಗಾಡಿಯಲ್ಲಿರಲಿ.

ಬರೀ ಕಂಟ್ರೋಲರ್ (ಹಾಡು ಮಿಕ್ಸ್ ಮಾಡುವ ಯಂತ್ರ) ಹೊತ್ತು ಬರುವವರಿಗೆ ರೈಲೇ ಒಳ್ಳೆಯದು. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಎಕ್ಸ್‌ಪ್ರೆಸ್‌ಗಳೆಲ್ಲ ನಿಲ್ಲುವುದಿಲ್ಲ, ಪ್ಯಾಸೆಂಜರ್ ರೈಲಿನ ಸಮಯ ನೋಡಿಕೊಳ್ಳಿ.

ಇನ್ನು ಕರೆಂಟು. ಹೊರಗಿನವರು ಹೆಚ್ಚು ಏಟು ತಿನ್ನುವುದು ಇಲ್ಲೇ. ಸಂಜೆ ಏಳರ ಮೇಲೆ ಎಲ್ಲರ ಮನೆಯಲ್ಲೂ ಎ.ಸಿ., ಫ್ಯಾನು, ಪಂಪು ಓಡುವಾಗ ಒಳಗಿನ ಊರುಗಳಲ್ಲಿ ವೋಲ್ಟೇಜ್ 200ಕ್ಕಿಂತ ಕೆಳಗೆ ಇಳಿಯುತ್ತದೆ. ಜನರೇಟರ್ ಬೇಕೆಂದು ಹಟ ಹಿಡಿಯಿರಿ, ಇಲ್ಲವೇ ಒಳ್ಳೆಯ ಸ್ಟೆಬಿಲೈಜರ್ ತನ್ನಿ. ಕಂಟ್ರೋಲರಿಗೆ ಚಿಕ್ಕದೊಂದು ಯುಪಿಎಸ್ ಇದ್ದರೆ ಹಾಡು ನಡುವೆ ಸಾಯುವುದಿಲ್ಲ. ಅಡುಗೆಯವರ ಗ್ರೈಂಡರ್ ಇರುವ ಲೈನಿನಿಂದ ಕರೆಂಟ್ ಎಳೆಯಲೇಬೇಡಿ. ಕೊಬ್ಬರಿ ರುಬ್ಬಿದಾಗೆಲ್ಲ ನಿಮ್ಮ ಸ್ಪೀಕರಿನಲ್ಲಿ ಅದರದ್ದೇ ಗಾನ.

ಅದಕ್ಕಿಂತ ಮುಖ್ಯ ಅರ್ತಿಂಗ್. ಇಲ್ಲಿ ನೆಲವೆಲ್ಲ ಮುರಕಲ್ಲು (ಲ್ಯಾಟರೈಟ್). ಮಳೆಗಾಲದಲ್ಲಿ ಒದ್ದೆಯಾಗಿ ಚೆನ್ನಾಗಿ ಕೆಲಸ ಮಾಡುವ ಅರ್ತ್ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿ ಬರೀ ಹೆಸರಿಗೆ ಇರುತ್ತದೆ. ಮೈಕ್ ಹಿಡಿದ ಮದುಮಗನ ಅಣ್ಣನಿಗೆ ತುಟಿಗೆ ಚುರುಕ್ ಎಂದರೆ ಕಾರಣ ಹೆಚ್ಚಾಗಿ ಅದೇ. ಬಂದ ತಕ್ಷಣ ಟೆಸ್ಟರ್, ಮಲ್ಟಿಮೀಟರ್ ತೆಗೆದು ನ್ಯೂಟ್ರಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿ. ಒಂದೆರಡು ವೋಲ್ಟಿಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ಯಿಸಿ. ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವ ಬುದ್ಧಿವಂತರನ್ನು ನಾನು ನೋಡಿದ್ದೇನೆ. ಹಮ್ಮಿಗೆ ಮದ್ದು ಡಿಐ ಬಾಕ್ಸು (ಉಪಕರಣಕ್ಕೂ ಮಿಕ್ಸರಿಗೂ ನಡುವೆ ಇಡುವ ಚಿಕ್ಕ ಪೆಟ್ಟಿಗೆ), ಬ್ಯಾಲೆನ್ಸ್ಡ್ ಕೇಬಲ್ಲು. ಪಿನ್ ಕಿತ್ತರೆ ಜೀವಕ್ಕೇ ಕುತ್ತು.

ಸೆಕೆಗೆ ಜನ ಕರಗಿದರೂ ಹೇಗೋ ಸುಧಾರಿಸಿಕೊಳ್ಳುತ್ತಾರೆ, ಲ್ಯಾಪ್‌ಟಾಪ್ ಸುಧಾರಿಸುವುದಿಲ್ಲ. ಶೀಟಿನ ಚಪ್ಪರದ ಅಡಿಯಲ್ಲಿ ಅದರ ಫ್ಯಾನು ಕಿರುಚಲು ಶುರು ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಹಾಡು ತೊದಲುತ್ತದೆ. ಸ್ಟ್ಯಾಂಡ್ ಮೇಲೆ ಎತ್ತಿಡಿ, ಟೇಬಲ್ ಫ್ಯಾನನ್ನು ನಿಮಗಿಂತ ಮೊದಲು ಅದಕ್ಕೆ ತಿರುಗಿಸಿ. ಬಣ್ಣದ ಕೆಲಸ ಇರುವವರಿಗೆ ಒಂದು ಮಾತು: ಅಕ್ರಿಲಿಕ್ ಈ ಬಿಸಿಲಿಗೆ ಕುಂಚದಲ್ಲೇ ಒಣಗುತ್ತದೆ, ಬೆಳಗ್ಗೆ ಹತ್ತರೊಳಗೆ ದೊಡ್ಡ ಹರಹು ಮುಗಿಸಿಬಿಡಿ.

ಹಾಡಿನ ಪಟ್ಟಿಯ ವಿಷಯಕ್ಕೆ ಬಂದರೆ, ಒಂದೇ ಅಂಗಳದಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲದಕ್ಕೂ ಕೈ ಎತ್ತುವವರು ಸಿಗುತ್ತಾರೆ. ಮಂಜೇಶ್ವರ, ಪೈವಳಿಕೆ ಕಡೆ ತುಳು ಹಾಡು ಹಾಕದೆ ಬಿಡುವುದಿಲ್ಲ. ಮುಸ್ಲಿಂ ಮನೆಗಳ ಮೈಲಾಂಜಿ (ಮೆಹಂದಿ) ರಾತ್ರಿಗೆ ಮಾಪಿಳ್ಳಪಾಟ್ಟು (ಮಲಯಾಳಿ ಮುಸ್ಲಿಮರ ಹಾಡು) ಬೇಕೇ ಬೇಕು. ಹೆಣ್ಣುಮಕ್ಕಳು ಒಪ್ಪನಕ್ಕೆ (ಮದುವೆಯ ಕುಣಿತಕ್ಕೆ) ಕೈ ತಟ್ಟುವಾಗ ಕೆಳಗೆ ಕಿಕ್ (ಡ್ರಮ್ಮಿನ ದಪ್ಪ ಏಟು) ಸೇರಿಸಲು ಹೋಗಬೇಡಿ. ಆ ಚಪ್ಪಾಳೆಯ ಲಯ ನಿಮ್ಮ ನಾಲ್ಕು ಬೀಟಿನ ಗ್ರಿಡ್ಡಿಗೆ ಕೂರುವುದಿಲ್ಲ. ಹಾಡು ಪೂರ್ತಿ ಆಗಲು ಬಿಟ್ಟು, ಕೊನೆಯ ತಟ್ಟಿನ ಮೇಲೆ ಮುಂದಿನದನ್ನು ಹೊಸದಾಗಿ ಎತ್ತಿಕೊಳ್ಳಿ. ಚಂದ್ರಗಿರಿ ಹೊಳೆ ದಾಟಿ ಬೇಕಲ, ಕಾಞಂಗಾಡ್ ಕಡೆಗೆ ಹೋದರೆ ಪಟ್ಟಿ ಹೆಚ್ಚುಕಡಿಮೆ ಮಲಯಾಳವೇ, ಶಿಂಗಾರಿ ಮೇಳದವರೂ (ಚೆಂಡೆಯ ತಂಡ) ಜೊತೆಗಿರುತ್ತಾರೆ. ಅವರ ಚೆಂಡೆಯ ಜೊತೆ ಸ್ಪರ್ಧೆಗೆ ಇಳಿದ ಡಿಜೆ ಯಾರೂ ಗೆದ್ದಿಲ್ಲ. ಅವರು ನಿಲ್ಲಿಸಿದಲ್ಲಿಂದ ಶುರು ಮಾಡಿ. ದೈವಗಳ ಪಾಡ್ದನ (ಕಥೆ ಹೇಳುವ ಹಾಡು), ನುಡಿಕಟ್ಟುಗಳನ್ನು ರೀಮಿಕ್ಸ್ ಮಾಡಿ ತರುವವರಿದ್ದಾರೆ. ಬೇರೆ ಊರಿನಲ್ಲಿ ಏನಾಗುತ್ತದೋ, ಇಲ್ಲಿ ಅದನ್ನು ಹಾಕಬೇಡಿ.

ಬೇಕಲದ ಕಡಲ ಕರೆಯಲ್ಲಿ ಕೆಲಸ ಇದ್ದರೆ ಹಗಲೇ ತಲುಪಿ, ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ ನೋಡಿ ಬನ್ನಿ. ಉಪ್ಪು ಗಾಳಿಗೆ ಮೈಕ್ ಕೇಬಲ್ಲಿನ ಎಕ್ಸ್‌ಎಲ್‌ಆರ್ ಪಿನ್‌ಗಳು ಬೇಗ ಹಸುರುಗಟ್ಟುತ್ತವೆ, ಮನೆಗೆ ಬಂದ ಮರುದಿನವೇ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಿಲಿಕಾ ಜೆಲ್ ಜೊತೆ ಕಟ್ಟಿಡಿ.

ಮೇ ನಡುವಿನಿಂದ ಸಂಜೆ ನಾಲ್ಕರ ಹೊತ್ತಿಗೆ ಮೂಡಣದಲ್ಲಿ ಮೋಡ ಕಟ್ಟಲು ಶುರು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಹುಡುಗರು ಎಷ್ಟೇ ಕೂಗಲಿ. ಕೇರಳಕ್ಕೆ ಮುಂಗಾರು ಕಾಲಿಡುವ ಲೆಕ್ಕದ ದಿನ ಜೂನ್ 1, ಆದರೆ 2025ರಲ್ಲಿ ಮೇ 24ಕ್ಕೇ ಬಂತು. ಪತ್ತನಾಜೆಯೂ ಅದೇ ಹೊತ್ತಿಗೆ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ತುಳುನಾಡಿನ ಕೋಲಗಳೂ ನಿಲ್ಲುತ್ತವೆ. ರಾತ್ರಿ ಖಾಲಿಯಾಯಿತು, ಇನ್ನು ನಮ್ಮದೇ ರಾಜ್ಯ ಎಂದುಕೊಂಡು ಅದರ ನಂತರದ ದಿನಾಂಕಗಳನ್ನು ಬಯಲಿಗೆ ಒಪ್ಪಿಕೊಳ್ಳುವವರಿದ್ದಾರೆ. ಗಟ್ಟಿ ಸೂರಿನ ಹಾಲ್ ಇದ್ದರೆ ಮಾತ್ರ ಹೂಂ ಅನ್ನಿ. ಮಳೆ ಬಂದರೆ ಉಳಿದ ಹಣ ಏನು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಒಳಗಿನ ಊರುಗಳಲ್ಲಿ ರಾತ್ರಿ ನೆಟ್‌ವರ್ಕ್ ಸಿಗದೆ ಯುಪಿಐ ಸುತ್ತುತ್ತಲೇ ಇರುತ್ತದೆ, ಬಾಕಿಯನ್ನು ಸೌಂಡ್ ಚೆಕ್ ಹೊತ್ತಿಗೇ ಹಾಕಿಸಿಕೊಳ್ಳುವುದು ವಾಸಿ.